ಇನ್ನು ಮುಂದೆ ನಮ್ಮ ಬಿಲ್ಲಿನಲ್ಲಿ ಎಚ್‌ಪಿ ಇರುವುದಿಲ್ಲ: ಹಳೆಯ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್‌ಗಳ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ಬ್ರಿಟನ್ನಿನಿಂದಲೋ ಅಮೆರಿಕದಿಂದಲೋ ಮನೆಸಾಮಾನಿನ ಜೊತೆಗೆ ಬೆಂಗಳೂರಿಗೆ ಬಂದ, ನಿಂತುಕೊಂಡು ಉದ್ದ ಹಿಡಿಯಿಂದ ತಳ್ಳುವ ಹಳೆಯ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ದುರಸ್ತಿಗೆಂದು ನಮ್ಮಲ್ಲಿಗೆ ತರುವ ತಮಗೆಲ್ಲ ಒಂದು ಬದಲಾವಣೆಯನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇವೆ. ಬರುವ ತಿಂಗಳ 1ನೇ ತಾರೀಖಿನಿಂದ ಮೋಟಾರಿನ ಶಕ್ತಿಯನ್ನು ಅಶ್ವಶಕ್ತಿಯ, ಅಂದರೆ ಎಚ್‌ಪಿ ಲೆಕ್ಕದಲ್ಲಿ ಬಿಲ್ಲಿಗೆ ಬರೆಯುವುದನ್ನು ನಿಲ್ಲಿಸುತ್ತೇವೆ. ಅದರ ಬದಲು ಯಂತ್ರದ ಫಲಕದಲ್ಲಿ ಅಚ್ಚಾಗಿರುವ ವೋಲ್ಟ್, ಆಂಪಿಯರ್ ಅಥವಾ ವ್ಯಾಟ್ ಅಂಕಿಗಳನ್ನು ಇದ್ದಂತೆಯೇ ಬರೆದು, ದುರಸ್ತಿಯ ನಂತರ ನಮ್ಮ ಮೀಟರಿನಲ್ಲಿ ಕಂಡ ವ್ಯಾಟ್ ಮತ್ತು ಹೀರುವ ಒತ್ತಡವನ್ನು ಅದರ ಪಕ್ಕದಲ್ಲಿ ನಮೂದಿಸುತ್ತೇವೆ. ಹಳೆಯ ಮೋಟಾರನ್ನು ತೆಗೆದು ಅದಕ್ಕಿಂತ ಹೆಚ್ಚು ವ್ಯಾಟಿನದನ್ನು ಕೂರಿಸುವ ಕೆಲಸವನ್ನೂ ಇನ್ನು ಒಪ್ಪಿಕೊಳ್ಳುವುದಿಲ್ಲ.

ಈ ತೀರ್ಮಾನಕ್ಕೆ ಕಾರಣವಾದದ್ದು ನಮ್ಮದೇ ಒಂದು ತಪ್ಪು. ಅಮೆರಿಕದಿಂದ ಬಂದ ಒಂದು ಯಂತ್ರದ ಮುಂಭಾಗದಲ್ಲಿ 2 ಎಚ್‌ಪಿ ಎಂಬ ಚೀಟಿ ಅಂಟಿಸಿತ್ತು. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಎಂಬ ಶಾಲೆಯ ಲೆಕ್ಕವನ್ನು ಹಿಡಿದು ನಾವು 1492 ವ್ಯಾಟ್ ಎಂದು ಬರೆದುಕೊಟ್ಟೆವು. ಅದನ್ನು ನಂಬಿದ ಮನೆಯವರು 2000 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ, ಕೋಣೆಯಿಂದ ಕೋಣೆಗೆ ಸಾಗಿಸುವುದೇ ಒಂದು ಕೆಲಸವಾಗುವಷ್ಟು ತೂಕದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ (ನಮ್ಮ 230 ವೋಲ್ಟನ್ನು 120ಕ್ಕೆ ಇಳಿಸುವ ಸಾಧನ) ಕೊಂಡರು. ಯಂತ್ರವನ್ನು ಮಗುಚಿ ನೋಡಿದ್ದರೆ ಫಲಕದಲ್ಲಿ 120 ವೋಲ್ಟ್, 7 ಆಂಪಿಯರ್ ಎಂದಿತ್ತು. ಅಂದರೆ ಹೆಚ್ಚೆಂದರೆ 840 ವ್ಯಾಟ್. ಆ ಗ್ರಾಹಕರ ಕ್ಷಮೆಯನ್ನು ಈಗಾಗಲೇ ಕೇಳಿದ್ದೇವೆ.

ಚೀಟಿಯ ಮೇಲಿನ ಎಚ್‌ಪಿ ಸಾಮಾನ್ಯವಾಗಿ ‘ಪೀಕ್’ ಎಚ್‌ಪಿ, ಅಂದರೆ ಮೋಟಾರನ್ನು ಪ್ರಯೋಗಾಲಯದಲ್ಲಿ ಕ್ಷಣಕಾಲ ಅದರ ಮಿತಿಯವರೆಗೆ ದುಡಿಸಿದಾಗ ಸಿಗುವ ಅಂಕಿ. ಮನೆಯಲ್ಲಿ ಅದು ಸಿಗಲಾರದೆಂಬುದಕ್ಕೆ ಸರಳ ಲೆಕ್ಕವೇ ಸಾಕು. 5 ಎಚ್‌ಪಿ ಎಂದರೆ 3730 ವ್ಯಾಟ್. ಅದನ್ನು 120 ವೋಲ್ಟಿನಲ್ಲಿ ಎಳೆಯಬೇಕಾದರೆ 31 ಆಂಪಿಯರ್ ಬೇಕು, ಆದರೆ ಅಮೆರಿಕದ ಮನೆಗಳ ಸಾಮಾನ್ಯ ಸರ್ಕ್ಯೂಟ್ 15 ಆಂಪಿಯರಿಗೇ ಟ್ರಿಪ್ ಆಗುವಂಥದ್ದು. ಆ ಕಾರಣಕ್ಕಾಗಿಯೇ ಅಲ್ಲಿನ ದೊಡ್ಡ ಯಂತ್ರಗಳ ಫಲಕದಲ್ಲಿಯೂ 12 ಆಂಪಿಯರಿನ ಆಚೆಗಿನ ಅಂಕಿ ಕಾಣುವುದು ಅಪರೂಪ. ಫಲಕದ ಆ ಆಂಪಿಯರ್ ಕೂಡ ಮೋಟಾರೊಂದರದ್ದಲ್ಲ, ಮುಂದಿನ ದೀಪವಿದ್ದರೆ ಅದರದ್ದೂ ಸೇರಿರುತ್ತದೆ. ಬ್ರಿಟನ್ನಿನ ಯಂತ್ರಗಳು ನೇರವಾಗಿ ವ್ಯಾಟ್ ಹೇಳುವುದರಿಂದ ಅಲ್ಲಿ ಈ ಗೊಂದಲ ಕಡಿಮೆ. ಆದರೆ 240 ವೋಲ್ಟಿಗೆಂದು ಮಾಡಿದ ಯಂತ್ರ ನಮ್ಮ 230 ವೋಲ್ಟಿನಲ್ಲಿ ಫಲಕಕ್ಕಿಂತ ಸ್ವಲ್ಪ ಕಡಿಮೆ ವ್ಯಾಟ್ ತೋರಿಸುತ್ತದೆ. ಅದನ್ನು ದೋಷವೆಂದು ತಿಳಿಯಬೇಡಿ.

ಹೆಚ್ಚು ವ್ಯಾಟಿನ ಮೋಟಾರ್ ಬೇಕೆಂದು ಕೇಳುವವರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪಾಂಗ್ಲರ್ 1908ರಲ್ಲಿ ಪೇಟೆಂಟ್ ಪಡೆದ, ಹೂವರ್ ಹೆಸರಿನಲ್ಲಿ ಲೋಕಕ್ಕೆ ಪರಿಚಯವಾದ ವಿನ್ಯಾಸದ ಸಂತತಿಯ ಯಂತ್ರಗಳಲ್ಲಿ ಫ್ಯಾನ್ ಇರುವುದು ಬಾಯಿಯ ಪಕ್ಕದಲ್ಲೇ. ಧೂಳು ಗೇಣುದ್ದ ದಾರಿ ಕ್ರಮಿಸಿ ಫ್ಯಾನಿನ ಮೂಲಕವೇ ಹಾದು ಚೀಲಕ್ಕೆ ಹೋಗುತ್ತದೆ. ಜೊತೆಗೆ ಅದೇ ಮೋಟಾರು ಬೆಲ್ಟಿನಿಂದ ತಿರುಗಿಸುವ ಬ್ರಷ್ ರೋಲರು ಕಾರ್ಪೆಟ್ಟನ್ನು ಬಡಿದು ಧೂಳೆಬ್ಬಿಸುತ್ತದೆ. ಅರ್ಧ ಕೆಲಸವನ್ನು ರೋಲರೇ ಮಾಡುವುದರಿಂದ ಕಡಿಮೆ ವ್ಯಾಟಿನಲ್ಲೇ ಕಾರ್ಪೆಟ್ ಚೊಕ್ಕಟವಾಗುತ್ತದೆ. ಗಾಳಿಯನ್ನು ಮೊದಲು ಕೊಳವೆ, ಚೀಲ, ಫಿಲ್ಟರುಗಳಲ್ಲಿ ಸೋಸಿ ಆಮೇಲೆ ಫ್ಯಾನಿಗೆ ಕೊಡುವ ಯಂತ್ರಗಳು ಈ ಎಲ್ಲ ಅಡೆತಡೆಗಳನ್ನು ಗೆಲ್ಲಲು ಹೆಚ್ಚು ವೇಗ, ಹೆಚ್ಚು ವ್ಯಾಟ್ ಬೇಡುತ್ತವೆ. ಆ ಮೋಟಾರನ್ನು ಹಳೆಯ ಮೈಯೊಳಗೆ ತುರುಕಿದರೆ, ಹಳೆಯ ವೇಗಕ್ಕೆಂದು ಎರಕ ಹೊಯ್ದ ಫ್ಯಾನಿಗೆ ಒಂದು ಸಣ್ಣ ಕಲ್ಲೋ ಮೊಳೆಯೋ ಬಡಿದರೂ ಎಲೆ ಮುರಿಯುತ್ತದೆ, ಬೇರಿಂಗ್ ಸವೆಯುತ್ತದೆ, ಹಳೆಯ ವೈರು ಬಿಸಿಯೇರುತ್ತದೆ. ಹೆಚ್ಚು ವ್ಯಾಟ್ ಅಗತ್ಯವೂ ಅಲ್ಲ: ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರಿನಿಂದ 1600 ವ್ಯಾಟ್, 2017ರ ಸೆಪ್ಟೆಂಬರಿನಿಂದ 900 ವ್ಯಾಟ್ ಎಂದು ಹೊಸ ಯಂತ್ರಗಳಿಗೆ ಮಿತಿ ಹಾಕಿತು. ವ್ಯಾಟ್ ಎಂಬುದು ಯಂತ್ರ ಗೋಡೆಯಿಂದ ಎಳೆಯುವ ವಿದ್ಯುತ್ತಿನ ಅಳತೆಯೇ ಹೊರತು ಧೂಳು ತೆಗೆಯುವ ಅಳತೆಯಲ್ಲ.

ಮೀಟರಿನ ವ್ಯಾಟ್ ಕೂಡ ಒಂದೇ ಕಡೆ ನಿಲ್ಲುವುದಿಲ್ಲ. ರೋಲರು ದಪ್ಪ ಕಾರ್ಪೆಟ್ಟಿಗೆ ಒತ್ತಿದರೆ ಏರುತ್ತದೆ, ಆದ್ದರಿಂದ ಎತ್ತಿ ಹಿಡಿದಾಗಿನ ಅಂಕಿ ಮತ್ತು ಕಾರ್ಪೆಟ್ ಮೇಲಿನ ಅಂಕಿ ಎರಡನ್ನೂ ಬರೆಯುತ್ತೇವೆ. ಗಾಳಿಯ ದಾರಿ ಕಟ್ಟಿಕೊಂಡರೆ ಮೋಟಾರಿನ ಕೂಗು ಏರುವುದನ್ನು ಕೇಳಿ, ಪಾಪ, ಅದಕ್ಕೆ ಭಾರ ಹೆಚ್ಚಾಯಿತು ಎಂದೇ ಎಲ್ಲರೂ ಭಾವಿಸುತ್ತಾರೆ. ಆಗ ವಾಸ್ತವವಾಗಿ ವ್ಯಾಟ್ ಇಳಿದಿರುತ್ತದೆ, ಏಕೆಂದರೆ ತಳ್ಳಲು ಗಾಳಿಯಿಲ್ಲದ ಫ್ಯಾನು ಹಗುರವಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಹೀರುವ ಒತ್ತಡವನ್ನು ನೀರಿನ ಮಟ್ಟದ ಅಂಗುಲಗಳಲ್ಲಿ, ಅಂದರೆ ಆ ಹೀರುವಿಕೆ ಕೊಳವೆಯಲ್ಲಿ ನೀರನ್ನು ಎಷ್ಟು ಅಂಗುಲ ಮೇಲೆತ್ತಬಲ್ಲದು ಎಂದು ಬರೆಯುತ್ತೇವೆ. ಫ್ಯಾನಿನ ಮೂಲಕ ಧೂಳು ಹಾಯುವ ಯಂತ್ರಗಳಲ್ಲಿ ಈ ಅಂಕಿ ಕಡಿಮೆಯೇ ಇರುತ್ತದೆ, ಅವುಗಳ ಬಲವಿರುವುದು ಹೆಚ್ಚು ಗಾಳಿಯನ್ನು ಸಾಗಿಸುವುದರಲ್ಲಿ. ಹಾಗಾಗಿ ಪಕ್ಕದ ಮನೆಯ ಯಂತ್ರದೊಂದಿಗೆ ಹೋಲಿಸದೆ, ಅದೇ ಯಂತ್ರದ ಹಿಂದಿನ ಬಿಲ್ಲಿನೊಂದಿಗೆ ಮಾತ್ರ ಹೋಲಿಸಿ ನೋಡಿ.

120 ವೋಲ್ಟಿನ ಯಂತ್ರವುಳ್ಳವರು ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಫಲಕದ ವೋಲ್ಟನ್ನು ಆಂಪಿಯರಿನಿಂದ ಗುಣಿಸಿ, ಸ್ವಿಚ್ ಹಾಕಿದ ಕ್ಷಣದ ಹೆಚ್ಚಿನ ಎಳೆತಕ್ಕಾಗಿ ಅದರ ಅರ್ಧದಷ್ಟನ್ನು ಕೂಡಿಸಿಕೊಳ್ಳಬೇಕೆಂದು ಕೋರುತ್ತೇವೆ. ಈ ಕಾರ್ಬನ್ ಬ್ರಷ್ ಮೋಟಾರುಗಳಿಗೆ 50 ಅಥವಾ 60 ಹರ್ಟ್ಸ್ ಎಂಬ ವ್ಯತ್ಯಾಸ ಬಾಧಿಸುವುದಿಲ್ಲ. ವೋಲ್ಟ್ ಮಾತ್ರ ಸರಿಯಿರಬೇಕು. ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದರೆ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ) ಸುಟ್ಟುಹೋಗುತ್ತದೆ.

ಅಳತೆಗೆ ಪ್ರತ್ಯೇಕ ಶುಲ್ಕವಿರುವುದಿಲ್ಲ. ಎಚ್‌ಪಿ ಬರೆದ ನಮ್ಮ ಹಳೆಯ ಬಿಲ್ ಇರುವವರು ಯಂತ್ರದೊಂದಿಗೆ ಬಂದರೆ ಮತ್ತೆ ಅಳೆದು ಹೊಸದಾಗಿ ಬರೆದುಕೊಡುತ್ತೇವೆ. ಹೆಚ್ಚು ವ್ಯಾಟಿನ ಮೋಟಾರಿಗೆಂದು ಮುಂಗಡ ಕೊಟ್ಟವರು ಹಣವನ್ನು ಹಿಂದಕ್ಕೆ ಪಡೆಯಬಹುದು, ಇಲ್ಲವೇ ಅದೇ ಹಣದಲ್ಲಿ ಮೂಲ ಮೋಟಾರನ್ನೇ ರೀವೈಂಡ್ ಮಾಡಿಸಿಕೊಳ್ಳಬಹುದು. ಯಾವುದೆಂದು ಈ ತಿಂಗಳ ಕೊನೆಯೊಳಗೆ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ದುರಸ್ತಿ ಕಾರ್ಯಾಗಾರದ ಪಾಲುದಾರರು
ಬೆಂಗಳೂರು