ಪಟ್ಟಿಯಲ್ಲಿದ್ದ ಸಿಯೆನಾ ನಮಗೆ ಸಿಗಲಿಲ್ಲ

ಟೂರ್ ಮ್ಯಾನೇಜರ್ ಅವರಿಗೆ,

ವಿಷಯ: ಮೇ 21, 2019ರ ಸಿಯೆನಾ ಪ್ರವಾಸದ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಇಟಲಿ ಟೂರಿಗೆ ನಾನು, ಅಪ್ಪ ಬಂದಿದ್ದೆವು. ಆ ದಿನದ ಪಟ್ಟಿಯಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ: ‘ಬೆಳಿಗ್ಗೆ ಸಿಯೆನಾ, ಅರಮನೆಯ ಚಿತ್ರಗಳು. ಮಧ್ಯಾಹ್ನ ವಾಲ್ ದೋರ್ಚಾ ಹಳ್ಳಿಗಾಡು, ಪಿಯೆಂಜಾ.’ ಆ ಸಾಲು ನೋಡಿಯೇ ನಾವು ದುಡ್ಡು ಕಟ್ಟಿದ್ದು.

ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಸಿಯೆನಾ ಊರಿನ ಆ ಅರಮನೆ, ಅಂದರೆ ಊರಾಡಳಿತದ ಕಟ್ಟಡ ಪಲಾಜ್ಜೊ ಪುಬ್ಲಿಕೊದ ಗೋಡೆಯ ಮೇಲೆ ಚಿತ್ರಕಾರ ಅಂಬ್ರೋಜೊ ಲೊರೆಂಜೆಟ್ಟಿ 1338–39ರಲ್ಲಿ ಬರೆದ ಚಿತ್ರ ಅವರಿಗೆ ಪುಸ್ತಕದಲ್ಲಿ ನೋಡಿ ನೋಡಿ ಬಾಯಿಪಾಠ. ಆಳುವವರು ನೆಟ್ಟಗಿದ್ದರೆ ನಾಡು ಹೇಗಿರುತ್ತದೆ ಅಂತ ತೋರಿಸುವ ಚಿತ್ರ ಅದು. ಒಂದು ಕಡೆ ಪೇಟೆ: ಕುಣಿಯುವವರು, ಅಂಗಡಿಗಳು, ಮನೆ ಕಟ್ಟುವ ಗಾರೆಯವರು. ಊರಬಾಗಿಲು ದಾಟಿದರೆ ಹಳ್ಳಿ: ಕೊಯ್ಲು, ಗುಡ್ಡಗಳು, ಹಂದಿ ಹೊಡೆದುಕೊಂಡು ಪೇಟೆಗೆ ಬರುತ್ತಿರುವ ರೈತ. ಬೆಳಿಗ್ಗೆ ಈ ಚಿತ್ರ ನೋಡಿ, ಮಧ್ಯಾಹ್ನ ಅಂಥದೇ ಗುಡ್ಡಗಳ ನಡುವೆ ನಿಲ್ಲಬೇಕು ಅನ್ನೋದು ಅವರ ಎಷ್ಟೋ ವರ್ಷದ ಆಸೆ.

ಆಗಿದ್ದೇನು? ಪಟ್ಟಿಯಲ್ಲೇ ಇಲ್ಲದ ಲೆದರ್ ಅಂಗಡಿಯಲ್ಲಿ ಸುಮ್ನೆ ಎರಡೂವರೆ ಗಂಟೆ ಕೂರಿಸಿದರು. ಸಿಯೆನಾ ತಲುಪಿದಾಗ ಮೂರು ದಾಟಿತ್ತು. ಹಳೇ ಊರಿನೊಳಗೆ ಟೂರ್ ಬಸ್ ಬಿಡುವುದಿಲ್ಲ. ಹೊರಗೆ ಇಳಿದು ಏರು ಹತ್ತಿ ನಡೆಯಬೇಕು. ಇದು ನಿಮಗೆ ಗೊತ್ತಿರುವುದೇ ಅಲ್ವಾ? ಆದರೂ ಹೋಗಿಬರುವುದೂ ಸೇರಿ ಕೊಟ್ಟಿದ್ದು 50 ನಿಮಿಷ. 71 ವರ್ಷದ ಅಪ್ಪ ಏದುಸಿರು ಬಿಡುತ್ತಾ ಕಾಂಪೊ ಚೌಕಕ್ಕೆ ಬರುವಷ್ಟರಲ್ಲಿ ಗೈಡ್ ವಾಚ್ ತೋರಿಸಿದರು. ಎದುರಿಗೇ ಅರಮನೆ ಬಾಗಿಲು ತೆರೆದಿತ್ತು. ಚಿಪ್ಪಿನ ಹಾಗೆ ಇಳಿಜಾರಾಗಿರುವ ಆ ಇಟ್ಟಿಗೆ ನೆಲದ ಮೇಲೆ ಅಪ್ಪ ಐದು ನಿಮಿಷ ಕೂತು, ಬಾಗಿಲನ್ನೇ ನೋಡಿ ಎದ್ದು ಬಂದರು. ಒಂದು ಮಾತೂ ಆಡಲಿಲ್ಲ.

ಆ ಹಳ್ಳಿಗಾಡಿನ ಪುಟ್ಟ ಊರು ಪಿಯೆಂಜಾಗೆ ಹೋಗಲೇ ಇಲ್ಲ. 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ ವಾಲ್ ದೋರ್ಚಾ ‘ಆ ಕಡೆ ಇದೆ’ ಅಂತ ಮೈಕಿನಲ್ಲಿ ಹೇಳಿ ಮುಗಿಸಿದರು.

ಗೈಡ್ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿದ್ದ ಹಾಳೆ ಕೇಳಿ ನೋಡಿದೆ. ಅದರಲ್ಲಿ ಲೆದರ್ ಅಂಗಡಿ ಇತ್ತು, ಪಿಯೆಂಜಾ ಇರಲಿಲ್ಲ. ಅಂದರೆ ನಮಗೆ ಒಂದು ಪಟ್ಟಿ, ಅವರಿಗೆ ಇನ್ನೊಂದು. ಟ್ರಾಫಿಕ್‌ನಿಂದ ತಡವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಇದು ಮೊದಲೇ ಗೊತ್ತಿದ್ದು ಮಾಡಿದ್ದು.

ನಮ್ಮಿಬ್ಬರ ಆ ದಿನದ ಹಣವನ್ನು 30 ದಿನದೊಳಗೆ ವಾಪಸ್ ಕೊಡಿ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ವೇದಿಕೆಗೆ ಹೋಗುತ್ತೇನೆ. ಎರಡೂ ಪಟ್ಟಿಗಳ ಫೋಟೊ ಜೊತೆಗಿದೆ. ಸೆಪ್ಟೆಂಬರ್ ಟೂರಿನ ಜಾಹೀರಾತಿನಲ್ಲೂ ಅದೇ ಸಾಲು ಹಾಕಿದ್ದೀರಿ. ಒಂದೋ ಅದನ್ನು ತೆಗೆಯಿರಿ, ಇಲ್ಲ ಬರುವವರಿಗೆ ಆ ಚಿತ್ರ ತೋರಿಸಿ.

ಇಂತಿ,
ನಿಮ್ಮ ಮೇ ತಿಂಗಳ ಟೂರಿನ ಪ್ರಯಾಣಿಕ
ಜೂನ್ 10, 2019