ಅಜ್ಜಿ ಚಂದ್ರಕಾಳಿ ಸೀರಿ ಉಳಿಸಿದವ್ರಿಗೆ

ಅಂತೂ ಮುಗೀತು ನೋಡ್ರಿ. ಹೊಳಿ ನೀರಾಗ ತೊಯ್ದಿದ್ದ ಅಜ್ಜಿ ಚಂದ್ರಕಾಳಿ ಸೀರಿ, ಅಂದ್ರ ಕಸೂತಿ ಹಾಕಿದ ಕರೀ ಸೀರಿ, ಸರಿ ಆಗಿ ಈ ಸಂಕ್ರಮಣಕ್ಕ ಹೊರಗ ಬಂತು, ಮನಿಮಂದಿ ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ವಿ. 2019ರ ಆಗಸ್ಟ್‌ನ್ಯಾಗ ಏನಾತು ಅಂತ ನಿಮಗ ಗೊತ್ತೈತಿ, ನವಿಲುತೀರ್ಥ ಡ್ಯಾಮ್‌ನಿಂದ ನೀರ ಬಿಟ್ರು, ಮಲಪ್ರಭಾ ಹೊಳಿ ಊರಾಗ ಬಂತು, ಅದನ್ನ ಮತ್ತ ಹೇಳಾಂಗಿಲ್ಲ.

ಟ್ರಂಕ್ ತಲಿ ಮ್ಯಾಲ ಹೊತ್ತು ತಂದ ಅಣ್ಣಗ, ತೊಯ್ದ ಆಲ್ಬಮ್ ಒಣಗಿ ಅಂಟಿಕೊಳ್ಳೂದ್ರಾಗ ಪ್ಲಾಸ್ಟಿಕ್ ಚೀಲದಾಗ ಸುತ್ತಿ ತನ್ನ ಐಸ್‌ಕ್ರೀಮ್ ಫ್ರೀಜರ್‌ನ್ಯಾಗ ಇಟ್ಟ ಗೆಳೆಯಗ, ಆಮ್ಯಾಲ ಒಂದೊಂದ ಫೋಟೋ ತಣ್ಣೀರಾಗ ಬಿಡಿಸಿ ಸ್ಕ್ಯಾನ್ ಮಾಡಿದ ಸ್ಟುಡಿಯೋದವ್ರಿಗೆ, ಎಲ್ಲಾರಿಗೂ ಥ್ಯಾಂಕ್ಸ್.

ಬಾಜೂ ಮನಿ ವೈನಿದು ಮಾತ್ರ ಒಂದ ಸಾಲಿನ್ಯಾಗ ಮುಗಿಯೂದಿಲ್ಲ. ಆ ರಾತ್ರಿ ಎಲ್ಲಾರೂ ಸಾಲಿಯೊಳಗ ಇದ್ವಿ, ಅವ್ರ ಮನೀನೂ ನೀರಾಗ ಇತ್ತು. ಟ್ರಂಕ್ ತಗದ್ರ ಸೀರಿ ನೀರ ಕುಡದು ಹೆಣಭಾರ, ತೋಪು ತೆನಿ ಅನ್ನೂ ಕೆಂಪು ಬಿಳಿ ಸೆರಗಿನ ಕೆಂಪು ಬಣ್ಣ ಬಿಳಿ ಪಟ್ಟಿಗೆ ಇಳ್ಯಾಕ ಹತ್ತಿತ್ತು. ಹಿಂಡಾಕ ಹೋದವ್ರನ್ನ ವೈನಿ ಬೈದು ಸರಿಸಿ, ಬೆಂಚ್ ಜೋಡಿಸಿ ಸೀರಿ ಹಾಸಿದ್ರು, ತಮಗ ಹೊದ್ಯಾಕ ಕೊಟ್ಟಿದ್ದ ಒಣಾ ಚಾದರ ಸೆರಗಿನ ಮಡಿಕಿ ನಡುವ ಹಾಕಿ, ಅದು ತೊಯ್ದಂಗ ಸರಿಸಿ ಸರಿಸಿ ಬೆಳತನಕ ಕುಂತ್ರು. ಥಂಡಿಗೆ ನಡಗಾಕ ಹತ್ತಿದ್ರು, ಮಲಕೋರಿ ಅಂದ್ರ ಕೇಳಬೇಕಲ್ಲ.

ಕಸೂತಿ ಮತ್ತ ಎಬ್ಬಿಸಿದವರೂ ಅವರ. ದಾರ ಹೋದಲ್ಲಿ ಬರೇ ಸೂಜಿ ತೂತು ಉಳದಿದ್ವು, ಬೆಳಕಿಗೆ ಹಿಡದು ಎಳಿ ಎಣಿಸಿ ಗವಂತಿ ಹೊಲಿಗಿ ಹಾಕಿದ್ರು, ಎಲ್ಲೂ ಗಂಟಿಲ್ಲ, ಹಿಂದ ಮುಂದ ಒಂದ ನಮೂನಿ. ಹೊಸಾ ರೇಷ್ಮಿ ಭಾಳ ಮಿಂಚತೈತಿ ಅಂತ ತಮ್ಮ ಹಳೇ ಸೀರಿ ಅಂಚಿನ್ಯಾಗಿನ ಎಳಿ ಬಿಚ್ಚಿ ತಗೊಂಡ್ರು. ಆನಿ ಸಾಲಿನ್ಯಾಗ ಒಂದು ಆನಿ ಸೊಂಡಿ ಗಿಡ್ಡ ಐತಿ, ಅಜ್ಜಿ ಎಣಿಕಿ ತಪ್ಪಿರಬೇಕು. ತಂಗಿ ಅದನ್ನೂ ಸರಿ ಮಾಡಿಬಿಡ್ರಿ ಅಂದ್ಲು. "ಅದು ನಿಮ್ಮಜ್ಜಿ ಕೈ, ನಾ ಮುಟ್ಟಾಂಗಿಲ್ಲ ತಗೀ" ಅಂದ್ರು. ಪಟ್ಟಿ ಮ್ಯಾಲಿನ ಕೆಂಪು ಕಲಿನೂ ಹಂಗ ಬಿಟ್ಟಾರ, ತಿಕ್ಕಿದ್ರ ಬಟ್ಟಿನ ಹೋಗ್ತೈತಿ ಅಂತ. ನನಗ ಹಿಂಗಿರೂದ ಬೇಕಾಗಿತ್ತು, ಅಂಗಡಿಯಾಗಿನ ಹೊಸಾ ಸೀರಿಯಂಗ ಹೊಳದಿದ್ರ ಗುರ್ತ ಹತ್ತತಿರಲಿಲ್ಲ.

ಅವ್ವನ ಮದುವಿ ಫೋಟೋ ಉಳೀಲಿಲ್ಲ. ಮಂಟಪ ಐತಿ, ಅಪ್ಪ ಅದಾನ, ಇದ ಸೀರಿ ಮೊಣಕಾಲತನಕ ಕಾಣತೈತಿ, ಮುಖ ಇದ್ದಲ್ಲಿ ಬರೇ ಬಿಳಿ. ಅವ್ವ ಇದ್ದಿದ್ರ ಒಂದ ಫೋಟೋಕ್ಕ ಇಷ್ಟ್ಯಾಕ ಅಳ್ತಿ ಅಂತಿದ್ಲು. ಇಲ್ಲಲ್ಲ ಅದಕ್ಕ ಅಳೂದು. ಇಲ್ಲಿತನಕ ಬರದು ಫೋನ್ ಕೆಳಗಿಡಬೇಕಾತು.

ಇರ್ಲಿ. ವೈನಿ ರೊಕ್ಕ ಮುಟ್ಟಲಿಲ್ಲ, ಚಾದರ ಕೊಡಸ್ತೀನಂದ್ರ ಅದಕ್ಕೂ ಬೈದ್ರು. ಇದನ್ನ ಅವ್ರ ಮಗ ಓದಿ ಹೇಳ್ತಾನ, ಮತ್ತ ಬೈತಾರ, ಬೈಲಿ. ಆ ಮದುವಿಗೆ ಬಂದವ್ರ ಯಾರ ಹತ್ರಾದ್ರೂ ಹಳೇ ಫೋಟೋ ಇದ್ರ ಕಳಸ್ರಿ, ಮಸುಕಿದ್ರೂ ನಡೀತೈತಿ, ಅವ್ವ ಮೂಲ್ಯಾಗ ನಿಂತಿದ್ರೂ ಸಾಕು.