ಬಡವನ ಲೆಕ್ಕ 1.20 ಲಕ್ಷಕ್ಕೇ ಮುಗಿಯಿತೇ? ಆಹಾರ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಹಾರ ಮತ್ತು ನಾಗರಿಕ ಸರಬರಾಜು ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಬಿಪಿಎಲ್ ಕಾರ್ಡಿನ ಆದಾಯ ಮಿತಿ ಏರಿಸುವ ಬಗ್ಗೆ ಹಾಗೂ ನೋಟಿಸ್ ಕೊಡದೆ ಕಾರ್ಡ್ ತಡೆಹಿಡಿಯುವುದನ್ನು ನಿಲ್ಲಿಸುವ ಬಗ್ಗೆ

ಮಾನ್ಯರೇ,

ಆದ್ಯತಾ ಕುಟುಂಬದ, ಅಂದರೆ ಬಿಪಿಎಲ್ ಕಾರ್ಡಿನ, ಮಾನದಂಡಗಳು ತಮಗೆ ಬಾಯಿಪಾಠವಾಗಿರುತ್ತವೆ. ಆದ್ದರಿಂದ ಪೂರ್ತಿ ಪಟ್ಟಿಯನ್ನು ಇಲ್ಲಿ ಒಪ್ಪಿಸುವುದಿಲ್ಲ. ಈ ಪತ್ರವೆಲ್ಲ ಅದರ ಒಂದೇ ಸಾಲಿನ ಬಗ್ಗೆ: ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. ಈ ಮಿತಿ ಏರಿಸಿ. ಏರಿಸುವವರೆಗೆ ಆದಾಯದ ನೆಪದಲ್ಲಿ ಒಂದು ಕಾರ್ಡನ್ನೂ ಮುಟ್ಟಬೇಡಿ. ಇದನ್ನೇ ತಾಲ್ಲೂಕು ಕಚೇರಿಗೂ ಜಿಲ್ಲಾ ಕಚೇರಿಗೂ ವರ್ಷಗಳಿಂದ ಬರೆದುಕೊಡುತ್ತಾ ಬಂದಿದ್ದೇವೆ. ಸಿಗುವ ಉತ್ತರ ಒಂದೇ, "ಅನರ್ಹರ ಪಟ್ಟಿ ಮೇಲಿಂದ ಬಂದಿದೆ." ಮೇಲೆ ಕೂತಿರುವವರು ತಾವು. ಅದಕ್ಕೇ ಈ ಸಲ ನೇರ ತಮಗೇ ಬರೆಯುತ್ತಿದ್ದೇವೆ.

ಮೊದಲು ಲೆಕ್ಕ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಇದು ಸರ್ಕಾರವೇ ಕಟ್ಟಿದ ಕೂಲಿ. ಗಂಡ ಹೆಂಡತಿ ಇಬ್ಬರೂ ವರ್ಷದ ಅರ್ಧ, ಅಂದರೆ ತಲಾ 180 ದಿನ, ಇದೇ ದರದಲ್ಲಿ ಎಲ್ಲಾದರೂ ದುಡಿದರು ಎಂದಿಟ್ಟುಕೊಳ್ಳಿ. 1,33,200 ರೂಪಾಯಿ ಆಯಿತು. ಮಿತಿ ದಾಟಿತು! ಇನ್ನರ್ಧ ವರ್ಷ ಕೆಲಸವಿಲ್ಲದೆ ಕೂತರೂ ಅವರು ತಮ್ಮ ಇಲಾಖೆಯ ಕಣ್ಣಿಗೆ ಬಡವರಲ್ಲ. ಐದು ಜನರ ಮನೆಯಾದರೆ ತಲೆಗೆ ದಿನಕ್ಕೆ 73 ರೂಪಾಯಿ. ಅಡುಗೆ ಎಣ್ಣೆ, ಮಕ್ಕಳ ಬಸ್ಸು, ಜ್ವರದ ಮಾತ್ರೆ, ಹಬ್ಬಕ್ಕೊಂದು ಅಂಗಿ ಎಲ್ಲವೂ ಅದರಲ್ಲೇ. ಆ ಮನೆಯಲ್ಲಿ ಎಂಟು ಜನ ಇದ್ದರೂ ಮಿತಿ 1.20 ಲಕ್ಷವೇ, ಇಬ್ಬರೇ ಇದ್ದರೂ ಅಷ್ಟೇ. ಅಕ್ಕಿ ಅಳೆಯುವಾಗ ತಲೆ ಎಣಿಸುವ ಇಲಾಖೆಗೆ ಆದಾಯ ಅಳೆಯುವಾಗ ತಲೆಗಳು ಕಾಣುವುದಿಲ್ಲವೇಕೆ?

2017-18ರಲ್ಲಿ ಇದೇ ಉದ್ಯೋಗ ಖಾತ್ರಿ ಕೂಲಿ 236 ರೂಪಾಯಿ ಇತ್ತು. ಕೂಲಿ ಏರಿದ ಪ್ರಮಾಣದಲ್ಲೇ ಮಿತಿಯನ್ನೂ ಏರಿಸಿದ್ದರೆ 2025-26ಕ್ಕೇ 1.88 ಲಕ್ಷ ಆಗಬೇಕಿತ್ತು. ಕಾರ್ಮಿಕ ಇಲಾಖೆ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿಸಿ ಕನಿಷ್ಠ ವೇತನ ಪರಿಷ್ಕರಿಸುತ್ತದೆ. ಆಹಾರ ಇಲಾಖೆಯ ಮಿತಿ ಮಾತ್ರ ಕದಲುವುದಿಲ್ಲ. ಸಂಬಳದವರಿಗೆ ವೃತ್ತಿ ತೆರಿಗೆ ಬೀಳುವುದು ತಿಂಗಳಿಗೆ 25 ಸಾವಿರದಿಂದ, ಅಂದರೆ ವರ್ಷಕ್ಕೆ 3 ಲಕ್ಷದಿಂದ. ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಗೆ 8 ಲಕ್ಷದ ಒಳಗಿದ್ದರೆ ಸಾಕು. 8 ಲಕ್ಷದವನು ದುರ್ಬಲ, 1.33 ಲಕ್ಷದವನು ಉಳ್ಳವ. ಸ್ವಾಮಿ, ಇದನ್ನು ಹಳ್ಳಿ ಕಟ್ಟೆಯ ಮೇಲೆ ಕೂತವರಿಗೆ ತಾವೇ ಒಮ್ಮೆ ಬಿಡಿಸಿ ಹೇಳಿ.

ಮಿತಿ ಸುಳ್ಳಾದರೆ ಕಾಗದವೂ ಸುಳ್ಳಾಗುತ್ತದೆ. ನಾಡಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರಗಳಲ್ಲಿ ವರ್ಷಕ್ಕೆ 20 ಸಾವಿರ, 30 ಸಾವಿರ ಎಂದು ಬರೆದಿರುತ್ತದೆ. ಅದರಲ್ಲಿ ಒಂದು ಕುಟುಂಬ ಮೂರು ತಿಂಗಳೂ ಬದುಕಲಾರದು ಎಂಬುದು ಬರೆಸಿಕೊಂಡವರಿಗೂ ಗೊತ್ತು, ಸಹಿ ಹಾಕಿದವರಿಗೂ ಗೊತ್ತು. ಇನ್ನೊಂದು ಕಡೆ ಸಾಲಕ್ಕೆ ಹೋದರೆ ಐಟಿ ರಿಟರ್ನ್ (ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ಆದಾಯದ ಲೆಕ್ಕ) ತನ್ನಿ ಅನ್ನುತ್ತಾರೆ. ಏಜೆಂಟನು ಸಾಲ ಪಾಸಾಗಲಿ ಎಂದು ಮೂರೂವರೆ ನಾಲ್ಕು ಲಕ್ಷ ತೋರಿಸಿ ಫೈಲ್ ಮಾಡಿಬಿಡುತ್ತಾನೆ. ತೆರಿಗೆ ಹೇಗೂ ಸೊನ್ನೆ. ನಿಜವಾದ ಆದಾಯ ಈ ಎರಡು ಸುಳ್ಳುಗಳ ನಡುವೆ ಎಲ್ಲೋ ಇರುತ್ತದೆ. ಇಲಾಖೆ ನಂಬುವುದು ಮಾತ್ರ ಅಕ್ಕಿ ಕಿತ್ತುಕೊಳ್ಳಲು ಅನುಕೂಲವಾದ ಸುಳ್ಳನ್ನು.

ತುಮಕೂರು ಜಿಲ್ಲೆಯ ಒಂದು ಪ್ರಕರಣ ಹೇಳುತ್ತೇವೆ, ದಯವಿಟ್ಟು ಪೂರ್ತಿ ಓದಿ. ಗಾರೆ ಕೆಲಸದ ಮೇಸ್ತ್ರಿ ಒಬ್ಬರು. ನಾಲ್ಕು ಜನರನ್ನು ಕಟ್ಟಿಕೊಂಡು ಗುತ್ತಿಗೆದಾರನ ಕೈಕೆಳಗೆ ತುಂಡು ಗುತ್ತಿಗೆ ಮಾಡುತ್ತಾರೆ. ನಾಲ್ವರ ಕೂಲಿಯೂ ಇವರ ಖಾತೆಗೇ ಬೀಳುತ್ತದೆ, ಶನಿವಾರ ಸಂಜೆ ಹಂಚಿಹೋಗುತ್ತದೆ. ಗುತ್ತಿಗೆದಾರ ಕಾನೂನಿನಂತೆ ಶೇ 1ರಷ್ಟು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದ. ಹಿಡಿದ ಹಣ ವಾಪಸ್ ಬರಬೇಕಾದರೆ ರಿಟರ್ನ್ ಸಲ್ಲಿಸಬೇಕು, ಇವರು ಸಲ್ಲಿಸಿದರು. ಅಂದರೆ ಇವರು ತೆರಿಗೆ ಕಟ್ಟಿದವರಲ್ಲ, ಕಟ್ಟಬೇಕಿಲ್ಲದ ತೆರಿಗೆಯನ್ನು ಹಿಂದಕ್ಕೆ ಕೇಳಿದವರು. ಕಂಪ್ಯೂಟರಿಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಪ್ಯಾನ್ ಮತ್ತು ಆಧಾರ್ ಹೊಂದಿಸಿ ನೋಡಿತು, 1.20 ಲಕ್ಷ ದಾಟಿದೆ ಎಂದಿತು, ಹೆಸರು ಪಟ್ಟಿಗೆ ಸೇರಿತು.

ನೋಟಿಸ್ ಬರಲಿಲ್ಲ. ಫೋನಿಗೆ ಸಂದೇಶವೂ ಇಲ್ಲ. ಆ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಅವರ ಹೆಂಡತಿ ಹೆಬ್ಬೆಟ್ಟು ಒತ್ತಿದಾಗ ಮಷಿನ್ ತೆಗೆದುಕೊಳ್ಳಲಿಲ್ಲ. ಸಿಮೆಂಟು, ಸುಣ್ಣ ಕಲಸಿದ ಕೈ, ರೇಖೆ ಸವೆದಿರಬೇಕು ಎಂದುಕೊಂಡು ಆ ಹೆಣ್ಣುಮಗಳು ಬೆರಳು ತೊಳೆದು, ಸೆರಗಿಗೆ ಒರೆಸಿ, ಹತ್ತೂ ಬೆರಳು ಒತ್ತಿ ನೋಡಿದ್ದಾರೆ. ಅಂಗಡಿಯವರು "ಸರ್ವರ್ ಇಲ್ಲ ಕಣಮ್ಮ, ನಾಳೆ ಬಾ" ಎಂದಿದ್ದಾರೆ. ಕಾರ್ಡೇ ಎಪಿಎಲ್ ಆಗಿದೆ ಎಂದು ತಿಳಿದದ್ದು ಅಂಗಡಿಯಲ್ಲಲ್ಲ, ಆಸ್ಪತ್ರೆಯಲ್ಲಿ. ಮೇಸ್ತ್ರಿಗೆ ಎದೆನೋವು ಬಂದು ಆಪರೇಷನ್ ಅಂದಾಗ ಸರ್ಕಾರಿ ಆರೋಗ್ಯ ಯೋಜನೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ಕಾರ್ಡ್ ನಂಬರು ಹಾಕಿದರು. "ನಿಮ್ಮದು ಎಪಿಎಲ್ ಬರ್ತಿದೆಯಲ್ಲ" ಅಂದರು.

ಮುಂದಿನದು ತಮಗೆ ಗೊತ್ತೇ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಸರ್ಕಾರ ಕೊಡುವುದು ಆ ಚಿಕಿತ್ಸೆಗೆ ಯೋಜನೆ ಕಟ್ಟಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಪ್ಯಾಕೇಜಾದರೆ 70 ಸಾವಿರ ಕೈಯಿಂದ. ಹೆಂಡತಿ ಎರಡು ಕಡೆ ಸಂಘದ ಸಾಲ ಎತ್ತಿದರು. ದುಡಿಯುವವರು ಮಂಚದ ಮೇಲೆ, ವಾರದ ಕಂತು ಬಾಗಿಲಲ್ಲಿ. ಮೊದಲ ಸಂಘದ ಕಂತಿಗೆ ಮೂರನೆಯ ಸಂಘ, ಕಿವಿಯೋಲೆ ಅಡ, ಮಗ ಪಿಯುಸಿ ಬಿಟ್ಟು ಸೆಂಟ್ರಿಂಗ್ ಕೆಲಸಕ್ಕೆ. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ತಮ್ಮದೇ ಸರ್ಕಾರ, ಸ್ವಾಗತ. ಆ ಮನೆಯನ್ನು ಸಾಲದ ಬಾಗಿಲಿಗೆ ದೂಡಿದ್ದೂ ತಮ್ಮದೇ ಸರ್ಕಾರದ ಒಂದು ಪಟ್ಟಿ. ಬಡತನ ಆಕಾಶದಿಂದ ಬೀಳುವುದಿಲ್ಲ ಮಾನ್ಯರೇ, ಹೀಗೆ ಕಚೇರಿಯಲ್ಲೂ ತಯಾರಾಗುತ್ತದೆ.

ಕಾರ್ಡ್ ವಾಪಸ್ ಬಂತೇ ಎಂದು ಕೇಳುತ್ತೀರಿ. ಆಹಾರ ನಿರೀಕ್ಷಕರು ಹೊಸ ಆದಾಯ ಪ್ರಮಾಣಪತ್ರ ತನ್ನಿ ಎಂದರು. ತಂದರು, ಅದರಲ್ಲಿ 24 ಸಾವಿರ ಅಂತಿತ್ತು. ರಿಟರ್ನ್‌ನಲ್ಲಿ ಬೇರೆ ಇದೆಯಲ್ಲ ಎಂದು ವಾಪಸ್ ಕಳಿಸಿದರು. ತೆರಿಗೆ ಕಟ್ಟಿಲ್ಲ ಎಂಬುದಕ್ಕೆ ಲೆಕ್ಕಪರಿಶೋಧಕರ ಪತ್ರ ಕೇಳಿದರು. ಆಮೇಲೆ ತಿದ್ದುಪಡಿಯ ಲಾಗಿನ್ ತೆರೆದಿಲ್ಲ ಎಂದರು. ಅಷ್ಟರಲ್ಲಿ ಆಪರೇಷನ್ ಬಿಲ್ಲು ಕಟ್ಟಿಯಾಗಿತ್ತು. ಕಟ್ಟಿದ ಹಣವನ್ನು ಯಾವ ಇಲಾಖೆಯೂ ಹಿಂದಿರುಗಿಸುವುದಿಲ್ಲ.

ಮಿತಿ ಏರಿಸಿ ಎಂದರೆ ಕೆಲವರು ದಿಲ್ಲಿಯತ್ತ ಕೈ ತೋರಿಸುತ್ತಾರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 10ನೇ ಸೆಕ್ಷನ್ ತಾವು ಓದಿದ್ದೀರಿ. ಆದ್ಯತಾ ಕುಟುಂಬ ಯಾವುದು ಎಂದು ಗುರುತಿಸುವ ಮಾರ್ಗಸೂಚಿ ರಾಜ್ಯ ಸರ್ಕಾರದ್ದು. ದಿಲ್ಲಿಯ ತಪ್ಪು ಬೇರೆಯೇ ಇದೆ: ನಮಗೆ ಕೊಟ್ಟ 4.01 ಕೋಟಿ ಫಲಾನುಭವಿಗಳ ಸಂಖ್ಯೆ 2011ರ ಜನಗಣತಿಯದು, ಅದರ ಮೇಲೆ ಇನ್ನೊಂದು ಗಣತಿ ಮುಗಿದಿಲ್ಲ. ಹಳೆಯವರನ್ನು ಇಳಿಸದೆ ಹೊಸಬರನ್ನು ಹತ್ತಿಸಲು ಜಾಗವಿಲ್ಲ ಎಂಬ ಕಷ್ಟ ನಮಗೂ ಅರ್ಥವಾಗುತ್ತದೆ. ಅದನ್ನು ದಿಲ್ಲಿಯೊಂದಿಗೆ ಜಗಳವಾಡಿ ಬಗೆಹರಿಸಿಕೊಳ್ಳಿ, ಮೇಸ್ತ್ರಿಯ ತಟ್ಟೆಯಿಂದಲ್ಲ.

ಅನರ್ಹರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಖಾಯಂ ಸರ್ಕಾರಿ ನೌಕರಿಯಲ್ಲಿದ್ದು ಕಾರ್ಡ್ ಇಟ್ಟುಕೊಂಡವರು, ಪಡಿತರದ ಅಕ್ಕಿಯನ್ನು ಮಿಲ್ಲಿಗೆ ಮಾರುವವರು, ಎಲ್ಲರೂ ಗೊತ್ತಿರುವವರೇ. ಸಂಬಳದ ಪಟ್ಟಿ ಸರ್ಕಾರದ ಕೈಯಲ್ಲೇ ಇದೆ, ಅವರನ್ನು ಹಿಡಿಯಲು ಬಡವನ ರಿಟರ್ನ್ ಜಾಲಾಡಬೇಕಿಲ್ಲ. 2024ರ ನವೆಂಬರಿನಲ್ಲಿ ಕಾರ್ಡ್ ರದ್ದತಿಯ ಬಗ್ಗೆ ಗಲಾಟೆಯಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ರದ್ದಾಗುವುದಿಲ್ಲ ಎಂದು ಸರ್ಕಾರವೇ ಹೇಳಿತ್ತು. ಮರುವರ್ಷವೇ ಹನ್ನೆರಡು ಲಕ್ಷಕ್ಕೂ ಹೆಚ್ಚು ಶಂಕಾಸ್ಪದ ಕಾರ್ಡುಗಳ ಪಟ್ಟಿ ಹೊರಬಂತು, ಅದರಲ್ಲಿ ಲಕ್ಷಗಟ್ಟಲೆ ಕಾರ್ಡುಗಳಿಗೆ ಕಾರಣ ಮತ್ತದೇ 1.20 ಲಕ್ಷ. ಕೊಟ್ಟ ಮಾತಿಗೆ ಅಷ್ಟೇ ಆಯಸ್ಸೇ?

ಪಟ್ಟಿಯ ಉಳಿದ ಕಾರಣಗಳೂ ಹೀಗೆಯೇ. ರೈತ ಉತ್ಪಾದಕ ಕಂಪನಿ ನೋಂದಾಯಿಸಬೇಕಾದರೆ ಐದು ಮಂದಿಯಾದರೂ ನಿರ್ದೇಶಕರು ಬೇಕೆಂಬುದು ಕಾನೂನು. ಸರ್ಕಾರವೇ ಒತ್ತಾಯಿಸಿ ಕಂಪನಿ ಮಾಡಿಸುತ್ತದೆ, ಎರಡೆಕರೆ ರಾಗಿ ಹೊಲದವನು ನಿರ್ದೇಶಕನಾಗಿ ಹೆಬ್ಬೆಟ್ಟು ಒತ್ತುತ್ತಾನೆ, "ಕಂಪನಿ ಡೈರೆಕ್ಟರ್" ಎಂದು ಕಾರ್ಡ್ ಹೋಗುತ್ತದೆ. ಜಂಟಿ ಪಹಣಿಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಹೆಸರಿದ್ದರೆ ಇಡೀ ವಿಸ್ತೀರ್ಣವನ್ನು ಒಬ್ಬೊಬ್ಬರ ತಲೆಗೂ ಕಟ್ಟಿ ಜಮೀನು ಜಾಸ್ತಿ ಇದೆ ಎನ್ನಲಾಗುತ್ತದೆ. ಒಮ್ಮೆ ಕರೆದು ಕೇಳಿದ್ದರೆ ಎರಡೂ ಐದು ನಿಮಿಷದಲ್ಲಿ ಬಗೆಹರಿಯುವ ವಿಷಯ.

ಆದ್ದರಿಂದ ಆದೇಶ ಹೊರಡಿಸಿ. ಆದಾಯ ಮಿತಿಯನ್ನು ಕುಶಲರಹಿತ ಕಾರ್ಮಿಕನ ಕನಿಷ್ಠ ವೇತನಕ್ಕೆ ಜೋಡಿಸಿ, ಪ್ರತಿ ಏಪ್ರಿಲ್‌ನಲ್ಲಿ ತಾನಾಗಿಯೇ ಏರುವಂತೆ ಮಾಡಿ, ಮನೆಯ ತಲೆ ಎಣಿಸಿ. ರಿಟರ್ನ್ ಸಲ್ಲಿಕೆಯನ್ನಲ್ಲ, ಕಟ್ಟಿದ ತೆರಿಗೆಯನ್ನು ನೋಡಿ. ರದ್ದು ಮಾಡುವ ಮುನ್ನ ಕಾರಣ ಬರೆದ ನೋಟಿಸನ್ನು ಕನ್ನಡದಲ್ಲಿ ಮನೆಗೆ ತಲುಪಿಸಿ, 30 ದಿನ ಕೊಡಿ, ವಿಚಾರಣೆ ಮುಗಿದು ಆದೇಶವಾಗುವವರೆಗೆ ಅಕ್ಕಿಯನ್ನೂ ಆರೋಗ್ಯ ಸೌಲಭ್ಯವನ್ನೂ ನಿಲ್ಲಿಸಬೇಡಿ. ಮೊದಲು ನೋಟಿಸ್, ಆಮೇಲೆ ರದ್ದು. ತಪ್ಪಾಗಿ ನಿಲ್ಲಿಸಿದ ತಿಂಗಳುಗಳಿಗೆ ಕಾಯ್ದೆಯ 8ನೇ ಸೆಕ್ಷನ್ನಿನ ಆಹಾರ ಭದ್ರತಾ ಭತ್ಯೆ ಕೊಡಿ. ಕೆಜಿಗೆ 34 ರೂಪಾಯಿ ಎಂದು ಅನ್ನಭಾಗ್ಯದ ಹಣಕ್ಕೆ 2023ರಲ್ಲಿ ತಾವೇ ಕಟ್ಟಿದ ದರವಿದೆ, ಹೊಸ ಸಮಿತಿ ಬೇಕಿಲ್ಲ.

ಆದೇಶದ ಪ್ರತಿಯನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ಸುಮ್ಮನಾಗಬೇಡಿ. ಪ್ರತಿ ನ್ಯಾಯಬೆಲೆ ಅಂಗಡಿಯ ಬಾಗಿಲಿಗೂ ಪ್ರತಿ ಆರೋಗ್ಯಮಿತ್ರ ಕೌಂಟರಿಗೂ ಅಂಟಿಸಿ. ಕೆಳಗೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಯ ಫೋನ್ ನಂಬರಿರಲಿ, ಎತ್ತುವ ಫೋನಿನದು.

ಇಂತಿ,
ಪಡಿತರ ಕಾರ್ಡುದಾರರ ಅರ್ಜಿ ಬರೆದುಕೊಡುವವರು